ಕೊನೇ ಕಂತಿಗೆ ಹೆದರಿ ತಲೆಮರೆಸಿಕೊಂಡ ಮನೆ ಮಾಲೀಕರಿಗೆ

ಕೊಳ್ಳೇಗಾಲದಿಂದ,
ತಮ್ಮದೋ ನಮ್ಮದೋ ಇನ್ನೂ ತೀರ್ಮಾನವಾಗದ ಮನೆಯ ನಡುಮನೆಯಲ್ಲಿ ಕುಳಿತು.

ಮಾನ್ಯರೇ,

ಹನೂರಿನ ಸೀಮೆಯಲ್ಲಿ ಹಿಪ್ಪುನೇರಳೆ ತೋಟಕ್ಕೂ ಕೊಟ್ಟ ಮಾತಿಗೂ ಹೆಸರಾದ, ಬಾಯಿ ತೆರೆಸಿ ಹಲ್ಲು ನೋಡದೆಯೇ ದನದ ವಯಸ್ಸು ಹೇಳಬಲ್ಲ, ನಮಗೆ ಮೊದಲು ಬಾಡಿಗೆಗೆ ಮನೆ ಕೊಟ್ಟು ಆಮೇಲೆ ಅದೇ ಮನೆಯನ್ನು ಕಂತಿನ ಮೇಲೆ ಮಾರಿ, ಮಾರಿದ ಮೇಲೂ ಮಾರದವರಂತೆಯೇ ಬಾಳುತ್ತಿರುವ ಶ್ರೀಮಾನ್ ಚಿಕ್ಕಮಾದಪ್ಪನವರಿಗೆ ರೇಷ್ಮೆ ನೇಕಾರ ಸಿದ್ದಯ್ಯನವರ ಹೆಂಡತಿ ಚೌಡೇಶ್ವರಿ ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ಮನೆಯವರಾದ ಶಿವರತ್ನಮ್ಮನವರೂ, ತಮ್ಮ ಕೊಟ್ಟಿಗೆಯಲ್ಲಿರುವ ಆರು ಕಾಲಿನ ಎಮ್ಮೆಯೂ ಕ್ಷೇಮವೆಂದು ನಂಬಿದ್ದೇನೆ. ಆರು ಕಾಲಿನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈ ಪತ್ರವನ್ನು ಊರಿಗೆಲ್ಲ ಕಾಣುವಂತೆ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಹೇಳೋಣವೆಂದರೆ ತಾವು ಫೋನ್ ಎತ್ತುವುದಿಲ್ಲ, ಮನೆಗೆ ಬಂದರೆ ಮನೆಯಲ್ಲಿರುವುದಿಲ್ಲ, ತೋಟಕ್ಕೆ ಬಂದರೆ ತೋಟದಲ್ಲಿರುವುದಿಲ್ಲ. ಸಾಲ ತೀರಿಸಲಾಗದವರು ಸಾಲ ಕೊಟ್ಟವರನ್ನು ಕಂಡು ಅಡಗಿಕೊಳ್ಳುವುದು ಲೋಕದಲ್ಲಿ ಇದ್ದದ್ದೇ. ಆದರೆ ಬಾಕಿ ತೀರಿಸುತ್ತೇವೆಂದು ದುಡ್ಡು ಹಿಡಿದು ಬಂದವರನ್ನು ಕಂಡು ದುಡ್ಡು ಈಸಿಕೊಳ್ಳಬೇಕಾದವರೇ ಅಡಗುವ ಪದ್ಧತಿಯನ್ನು ನಮ್ಮ ಸೀಮೆಯಲ್ಲಿ ಆರಂಭಿಸಿದ ಕೀರ್ತಿ ತಮಗೇ ಸಲ್ಲಬೇಕು. ಈ ಪತ್ರವನ್ನು ನಮ್ಮ ಬೀದಿಬಾಗಿಲಿಗೆ, ಅಥವಾ ತಮ್ಮ ಬೀದಿಬಾಗಿಲಿಗೆ, ಒಟ್ಟಿನಲ್ಲಿ ಬೀದಿಬಾಗಿಲಿಗೆ ಅಂಟಿಸಿದ್ದೇನೆ. ಮೊಳೆ ಹೊಡೆಯಕೂಡದೆಂಬ ತಮ್ಮ ಆಜ್ಞೆ ಇನ್ನೂ ಜಾರಿಯಲ್ಲಿರುವುದರಿಂದ ಅನ್ನದ ಗಂಜಿಯನ್ನೇ ಬಳಸಿದ್ದೇನೆ, ಗಾಬರಿಯಾಗಬೇಡಿ. ಗೂಡಿನ ಮಾರ್ಕೆಟ್ಟಿಗೆ ಬರುವ ತಮ್ಮ ಊರಿನವರು ಯಾರಾದರೂ ಓದಿ ತಮ್ಮ ಕಿವಿಗೆ ಹಾಕದೆ ಇರುವುದಿಲ್ಲ.

ನಿಂತು ಓದುತ್ತಿರುವ ಬೀದಿಯವರಿಗೆ ಹಿಂದಿನದೆಲ್ಲ ತಿಳಿಯಬೇಕಲ್ಲ, ಹೇಳುತ್ತೇನೆ. ಇದು ತಮ್ಮ ತಂದೆಯವರು ಗೂಡಿನ ಮಾರ್ಕೆಟ್ಟಿಗೆ ರೇಷ್ಮೆಗೂಡು ತಂದಾಗ ರಾತ್ರಿ ತಂಗಲೆಂದು ಕೊಂಡಿದ್ದ ಮನೆ. ನಾವು ಇಲ್ಲಿಗೆ ಬಾಡಿಗೆಗೆ ಬಂದಾಗ ನಮ್ಮ ಮಗಳು ರಮ್ಯಶ್ರೀ ತೊಟ್ಟಿಲಲ್ಲಿದ್ದಳು. ಅವಳು ಕಾಲೇಜು ಮುಗಿಸಿದ ವರ್ಷ ತಾವು ಮನೆ ಮಾರುವ ಮಾತೆತ್ತಿದಿರಿ. ಬೇರೆಯವರ ಪಾಲಾದರೆ ನಾವು ಮತ್ತೆ ಗಂಟುಮೂಟೆ ಕಟ್ಟಬೇಕಲ್ಲ ಎಂಬ ಹೆದರಿಕೆಯಲ್ಲಿ ನಮ್ಮನೆಯವರು ಒಂದು ಬ್ಯಾಂಕಿಗೆ ಹೋದರು. ಅಲ್ಲಿ ಸಂಬಳದ ಚೀಟಿ ಕೇಳಿದರು. ಇವರಿಗೆ ಸಂಬಳವೂ ಇಲ್ಲ, ಚೀಟಿಯೂ ಇಲ್ಲ, ಹಾಗಾಗಿ ಕೈಯಾರೆ ನೇಯ್ದ ಸೀರೆಯನ್ನೇ ಮೇಜಿನ ಮೇಲೆ ಬಿಚ್ಚಿ ಹರಡಿದರು. ಸಾಹೇಬರು ಸೆರಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದೇ ಸೀರೆ ಅರಿಶಿನ ಬಣ್ಣದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ, ಸಾಲದ ವಿಷಯವನ್ನು ಮೇಲಿನವರಿಗೆ ಬರೆಯುತ್ತೇನೆಂದರು. ಆ ಮೇಲಿನವರು ಇನ್ನೂ ಕೆಳಗಿಳಿದಿಲ್ಲ.

ಆಗ ತಾವು ಜಗಲಿಯ ಮೇಲೆ ಕುಳಿತು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಬ್ಯಾಂಕು ಬ್ಯಾಂಕು ಅಂತ ಯಾಕ್ ಅಲೀತೀರಿ ಕಣವ್ವ, ಬಾಡಿಗ ಕೊಟ್ಟಂಗೆ ತಿಂಗ್ಳು ತಿಂಗ್ಳು ನಂಗೇ ಕೊಡಿ, ಮುಗುದ್ ಮ್ಯಾಕ ಮನ ನಿಮ್ದೇ" ಎಂದಿರಿ. ಬಡ್ಡಿಯ ಮಾತು ಬಂದಾಗ ಮುಖ ಸಿಂಡರಿಸಿ ಬೇರೆ ಮಾತೆತ್ತಿದಿರಿ. ಬಾಡಿಗೆಗಿಂತ ಸ್ವಲ್ಪ ಹೆಚ್ಚಿನ ಕಂತು, ಕೊನೆಯ ಕಂತು ಸಂದ ದಿನ ರಿಜಿಸ್ಟರು, ಇಷ್ಟೇ ಕರಾರು. ಆ ರಾತ್ರಿ ನಾನು ದೇವರ ಮುಂದೆ ಎರಡು ದೀಪ ಹಚ್ಚಿದೆ, ಒಂದು ದೇವರಿಗೆ, ಒಂದು ತಮಗೆ. ಈಗ ಎಣ್ಣೆ ದುಬಾರಿಯಾಗಿದೆ, ತಮ್ಮ ದೀಪವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಕರಾರಾದ ದಿನವೇ ತಾವು ಬಾಗಿಲಿನ ಹಳೇ ಹಿತ್ತಾಳೆ ಬೀಗವನ್ನು ಬೀಗದಕೈ ಸಮೇತ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಿರಿ. ತಂದೆಯವರ ನೆನಪಿಗೆ ಇರಲಿ ಎಂದುಕೊಂಡು ನಾವು ಅಂಗಡಿಯಿಂದ ಹೊಸ ಬೀಗ ತಂದೆವು. ಅದರಲ್ಲೇನೋ ಇದೆ ಎಂದು ಅನುಮಾನಪಡುವಷ್ಟು ಬುದ್ಧಿ ನಮಗೆ ಆಗ ಇರಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಇರುವ ಮನೆಯನ್ನೇ ಕಂತಿನಲ್ಲಿ ಕೊಂಡು ನೋಡು ಎನ್ನುವುದನ್ನು ಯಾಕೆ ಮರೆತರೋ ಕಾಣೆ. ಕರಾರಾದ ಮೊದಲ ಮಳೆಗಾಲದಲ್ಲೇ ಹೆಂಚು ಒಡೆದು ಅಡುಗೆಮನೆ ಕೆರೆಯಾಯಿತು. ಫೋನ್ ಮಾಡಿದರೆ, ಮನೆ ನಿಮ್ಮದಲ್ಲವೇ, ನೀವೇ ನೋಡಿಕೊಳ್ಳಿ ಎಂದಿರಿ. ಸರಿಯಾದ ಮಾತು, ಒಪ್ಪಿದೆವು, ಹೆಂಚು ಹಾಕಿಸಿದೆವು. ಬೇಸಿಗೆಯಲ್ಲಿ ಗೋಡೆಗೆ ತಿಳಿನೀಲಿ ಬಣ್ಣ ಬಳಿಯೋಣವೆಂದರೆ, ಮನೆ ಇನ್ನೂ ನನ್ನದಲ್ಲವೇ, ಸುಣ್ಣವೇ ಇರಲಿ ಎಂದಿರಿ. ಹೀಗೆ ಈ ಮನೆ ಮಳೆಗಾಲದಲ್ಲಿ ನಮ್ಮದೂ ಬೇಸಿಗೆಯಲ್ಲಿ ತಮ್ಮದೂ ಆಗಿ ವರ್ಷಗಳು ಉರುಳಿದವು. ಹಿತ್ತಲಿನ ನುಗ್ಗೆಮರದ್ದೂ ಇದೇ ಕಥೆ, ಕಾಯಿ ಬಿಟ್ಟಾಗ ಮರ ತಮ್ಮದು, ಕಂಬಳಿಹುಳು ಬಿಟ್ಟಾಗ ನಮ್ಮದು. ಕಂದಾಯದ ಚೀಟಿ ಬಂದಾಗ ನಮ್ಮದಾಗುವ ಮನೆ, ಗಣತಿಯವರು ಬಂದು ಯಾರ ಮನೆ ಎಂದು ಕೇಳಿದಾಗ, ಅಂದು ಜಗಲಿಯ ಮೇಲೆ ಕುಳಿತಿದ್ದ ತಮ್ಮದಾಯಿತು. ಇಂಥ ನ್ಯಾಯವಂತ ಹಂಚಿಕೆಯನ್ನು ಅಣ್ಣತಮ್ಮಂದಿರ ಪಾಲುಪಾರೀಕತ್ತಿನಲ್ಲಿಯೂ ನಾನು ಕಂಡಿಲ್ಲ.

ತಿಂಗಳಿಗೊಮ್ಮೆ ಕಂತು ಈಸಿಕೊಳ್ಳಲು ತಾವೇ ಖುದ್ದಾಗಿ ಬರುತ್ತಿದ್ದುದು ಮಾತ್ರ ನಮ್ಮ ಭಾಗ್ಯ. ಫೋನಿನಲ್ಲೇ ಕಳಿಸುತ್ತೇವೆ, ಬಿಸಿಲಲ್ಲಿ ಬರಬೇಡಿ ಎಂದರೆ ಬೇಜಾರು ಮಾಡಿಕೊಳ್ಳುತ್ತಿದ್ದಿರಿ. ಜಗಲಿಯ ಪೂರ್ವದ ಮೂಲೆಯಲ್ಲಿ ಗೋಡೆಗೊರಗಿ ಕುಳಿತು, ಎರಡು ಲೋಟ ಬೆಲ್ಲದ ಕಾಫಿ ಕುಡಿದು, ತಟ್ಟೆಯಲ್ಲಿದ್ದ ಕೊಬ್ಬರಿಮಿಠಾಯಿ ಮುಗಿಸಿ, ಬೀದಿಯಲ್ಲಿ ಹೋಗಿಬರುವವರ ಮನೆಯ ಸಮಾಚಾರವನ್ನೆಲ್ಲ ಕೇಳಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದಿರಿ. ಡಾಕ್ಟರು ಸಿಹಿ ಮುಟ್ಟಬಾರದೆಂದು ಹೇಳಿದ ಮೇಲೆ ತಾವು ಮನೆಯಲ್ಲಿ ಬೆಲ್ಲದ ಡಬ್ಬಿಯತ್ತ ತಿರುಗಿಯೂ ನೋಡುವುದಿಲ್ಲವೆಂದು ಶಿವರತ್ನಮ್ಮನವರು ಎಲ್ಲರೆದುರಿಗೂ ಹೊಗಳುತ್ತಾರಂತೆ. ಆ ಹೊಗಳಿಕೆಗೆ ನಾನಾಗಿ ಎಂದೂ ಭಂಗ ತಂದವಳಲ್ಲ.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಕೈಮಗ್ಗ ನೋಡದವರೂ ಇದನ್ನು ಓದಬಹುದು, ಅವರಿಗಾಗಿ ಹೇಳುವುದಾದರೆ, ನಮ್ಮ ಮಗ್ಗಕ್ಕೆ ನೆಲದಲ್ಲಿ ಗುಂಡಿ ತೋಡಬೇಕು. ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅಲ್ಲಿರುವ ಹಲಗೆ ತುಳಿಯುತ್ತಾ ಮೇಲೆ ಲಾಳಿ ಎಸೆಯುತ್ತಾರೆ. ನಮ್ಮನೆಯವರ ಅರ್ಧ ಆಯಸ್ಸು ಹೀಗೆ ಅರ್ಧ ಮೈ ನೆಲದೊಳಗಿಟ್ಟುಕೊಂಡೇ ಕಳೆದಿದೆ. ಬಾಡಿಗೆ ಮನೆ ಬಿಡುವಾಗ ಆ ಗುಂಡಿಯನ್ನು ಮುಚ್ಚಿ, ಮೇಲೆ ಗಾರೆ ಬಳಿದು, ಇಲ್ಲಿ ಯಾರೂ ಕೂತಿರಲೇ ಇಲ್ಲ ಎನ್ನುವಂತೆ ಮಾಡಿಕೊಟ್ಟು ಹೋಗಬೇಕು, ಇಲ್ಲದಿದ್ದರೆ ಅಡ್ವಾನ್ಸ್ ವಾಪಸ್ಸು ಸಿಗುವುದಿಲ್ಲ. ನನ್ನ ಮಾವನವರು ಈ ಊರಿನ ಎಷ್ಟೋ ಬೀದಿಗಳಲ್ಲಿ ಗುಂಡಿ ತೋಡಿದರು, ತೋಡಿದ್ದಷ್ಟನ್ನೂ ತಾವೇ ಮುಚ್ಚಿದರು. ಅವರು ಕೂತು ನೇಯ್ದ ಜಾಗಗಳ ಮೇಲೆ ಈಗ ಯಾರದೋ ಸೋಫಾ ಇದೆ, ಯಾರದೋ ಟಿ.ವಿ. ಇದೆ. ಕೊನೆಯ ಗುಂಡಿ ಮುಚ್ಚುವಾಗ ಅವರು ಅಳುತ್ತಿದ್ದರು, ಮಣ್ಣು ಕಣ್ಣಿಗೆ ಬಿತ್ತು ಎಂದು ನಮಗೆ ಹೇಳಿದರು. ಮನೆ ಎಂದರೆ ನನಗೆ ಹೆಚ್ಚೇನೂ ಅಲ್ಲ ಸ್ವಾಮಿ, ಯಾರೂ ಬಂದು ಮುಚ್ಚು ಎನ್ನದ ಒಂದು ಗುಂಡಿ, ಅಷ್ಟೇ.

ಈಗ ನಮ್ಮನೆಯವರು ಕೂರುವ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ಬೇಕಾಗಿದೆ. ರಮ್ಯಶ್ರೀ ಅಪ್ಪನಿಂದಲೇ ಕಸುಬು ಕಲಿತು ಈಗ ಬೇರೆಯವರ ಮನೆಯ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದಾಳೆ. ಅವಳು ಸೆರಗಿನಲ್ಲಿ ಎತ್ತುವ ಹೂವನ್ನು ನೋಡಿ ಗಿರಾಕಿಗಳು ಆ ಮನೆಯವರನ್ನು ಹೊಗಳಿ ಹೋಗುತ್ತಾರೆ. ನೇಕಾರರಿಗೆ ಮಗ್ಗ ಕೊಡುವ ಯೋಜನೆಯಲ್ಲಿ ಅವಳ ಹೆಸರು ಬಂದಿದೆ, ಆದರೆ ಈ ತಿಂಗಳ ಕೊನೆಯೊಳಗೆ ಸ್ವಂತ ಮನೆಯ ಪತ್ರ ತೋರಿಸಬೇಕು, ತೋರಿಸದಿದ್ದರೆ ಮಗ್ಗ ಮುಂದಿನವರಿಗೆ ಹೋಗುತ್ತದೆ. ಹೋದ ವರ್ಷ ನಡುಮನೆಯಲ್ಲಿ ಗುಂಡಿ ತೋಡಲು ಅಪ್ಪಣೆ ಕೇಳಿದಾಗ ತಾವು ಎದೆಯ ಮೇಲೆ ಕೈಯಿಟ್ಟುಕೊಂಡು, "ಮನ ಒಟ್ಟ ಬಗೀಬ್ಯಾಡಿ ಕಣವ್ವ, ಮೊದ್ಲು ಪೂರಾ ನಿಮ್ದಾಗ್ಲಿ, ಆಮ್ಯಾಕ ಎಲ್ಲಿ ಬೇಕಾದ್ರೂ ತೋಡ್ಕಳಿ" ಎಂದಿರಿ. ಮನೆಗೂ ಒಂದು ಹೊಟ್ಟೆಯಿದೆ ಎಂದು ನಮಗೆ ಅಂದು ತಿಳಿಯಿತು. ತಮ್ಮ ಮಾತಿನಂತೆಯೇ ಪೂರಾ ನಮ್ಮದಾಗಲಿ ಎಂದು ರಮ್ಯಶ್ರೀಯ ಕೂಲಿಯನ್ನೂ ಸೇರಿಸಿ ಕಂತುಗಳನ್ನು ಗಡುವಿಗೆ ಮುಂಚೆಯೇ ಕಟ್ಟುತ್ತಾ ಬಂದೆವು. ಉಳಿದದ್ದು ಒಂದೇ ಒಂದು ಕಂತು. ಅಲ್ಲಿಂದ ತಾವು ಮಾಯ.

ಮೊದಲು ನಮ್ಮನೆಯವರು ದುಡ್ಡು ಹಿಡಿದು ತಮ್ಮ ಊರಿಗೇ ಬಂದರು. ಶಿವರತ್ನಮ್ಮನವರು ಮಜ್ಜಿಗೆ ಕೊಟ್ಟು, ಅವರು ಯಳಂದೂರಿಗೆ ಹೋಗಿದ್ದಾರೆ ಎಂದರು. ತಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು. ತಾವು ಬರಿಗಾಲಲ್ಲಿ ಯಳಂದೂರಿಗೆ ಹೊರಟಿರೆಂದರೆ ಏನೋ ಹರಕೆಯಿರಬೇಕೆಂದು ಇವರು ಭಕ್ತಿಯಿಂದ ಎದ್ದರು. ಹೊರಡುವಾಗ ಕೊಟ್ಟಿಗೆಯ ಕಡೆ ನೋಡಿದರೆ ತಮ್ಮ ಎಮ್ಮೆಗೆ ಆರು ಕಾಲು ಕಂಡವಂತೆ, ನಾಲ್ಕು ಕಪ್ಪು, ಎರಡು ಪಂಚೆ ಉಟ್ಟವು. ನಮ್ಮನೆಯವರು ಸಂಕೋಚದ ಮನುಷ್ಯ. ಎಮ್ಮೆಗೇ ಒಂದು ನಮಸ್ಕಾರ ಹಾಕಿ ಬಂದುಬಿಟ್ಟರು. ಮರುವಾರ ಯಳಂದೂರಿನ ತಮ್ಮ ಬೀಗರ ಮನೆಗೆ ಹೋದರೆ ಒಡೆಯರಪಾಳ್ಯದ ಕಡೆ ಮುಸುಕಿನಜೋಳ ನೋಡಲು ಹೋಗಿದ್ದೀರೆಂದರು. ಒಡೆಯರಪಾಳ್ಯದಲ್ಲಿ ಕೇಳಿದರೆ ಈಗ ತಾನೇ ಕೊಳ್ಳೇಗಾಲದ ಬಸ್ಸು ಹತ್ತಿದರೆಂದರು. ನಾನಿಲ್ಲಿ ಕಾಫಿಗೆ ನೀರಿಟ್ಟು ಕಾದೆ. ಆ ಬಸ್ಸಿನಿಂದ ಊರಿನವರೆಲ್ಲ ಇಳಿದರು, ತಾವು ಇಳಿಯಲಿಲ್ಲ.

ಕೊನೆಗೆ ರಮ್ಯಶ್ರೀ ಕೊನೆಯ ಕಂತನ್ನು ಫೋನಿನಲ್ಲೇ ತಮ್ಮ ಖಾತೆಗೆ ಕಳಿಸಿದಳು. ಸಂಜೆಯೊಳಗೆ ಅದು ವಾಪಸ್ಸು ಬಂತು. ಬರಿಗೈಯಲ್ಲಿ ಹಿಂದಿರುಗಿಸಬಾರದೆಂದೋ ಏನೋ, ಮೇಲೊಂದು ರೂಪಾಯಿ ಶುಭಕ್ಕೆಂದು ಸೇರಿಸಿ ಕಳಿಸಿದ್ದಿರಿ. ಹೀಗಾಗಿ, ನಾವು ತೀರಿಸಲು ಹೊರಟ ಬಾಕಿ ತೀರುವ ಬದಲು ಒಂದು ರೂಪಾಯಿ ಬೆಳೆದಿದೆ. ಇದು ಹೀಗೇ ನಡೆದರೆ ತಮ್ಮ ಔದಾರ್ಯದಿಂದಲೇ ನಾವು ಮುಳುಗಿಹೋಗುತ್ತೇವೆ.

ತಾವು ಹೆಚ್ಚು ದುಡ್ಡಿಗೆ ಆಸೆಪಟ್ಟಿರಬಹುದೆಂದು ಬೀದಿಯವರು ಹೇಳಿದರು. ನಾನೂ ಎರಡು ದಿನ ಹಾಗೇ ನಂಬಿ ತಮ್ಮನ್ನು ಬಾಯಿಗೆ ಬಂದಂತೆ ಬೈದೆ, ಸಾವಿರ ಸಲ ಕ್ಷಮೆ ಕೇಳುತ್ತೇನೆ, ಅದರಲ್ಲಿ ಒಂದೆರಡು ಬೈಗುಳವನ್ನು ಮಾತ್ರ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ನಿಜ ತಿಳಿದದ್ದು ಮೊನ್ನೆ, ಶಿವರತ್ನಮ್ಮನವರೇ ಫೋನ್ ಮಾಡಿದಾಗ. ದನ ಮಾರಿದವನು ಹಗ್ಗ ಮಾರುವುದಿಲ್ಲ, ದನವನ್ನು ಕೊಂಡವನ ಹಗ್ಗಕ್ಕೆ ಕಟ್ಟಿಕೊಟ್ಟು ತನ್ನ ಹಗ್ಗವನ್ನು ಮನೆಗೆ ತರುತ್ತಾನೆ, ಹಗ್ಗವೂ ಹೋದರೆ ಅದರ ಹಿಂದೆಯೇ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂಬುದು ನನಗೂ ಗೊತ್ತು. ಆದರೆ ತಾವು ಆ ಲೆಕ್ಕವನ್ನು ಮನೆಗೂ ಹಾಕಿದ್ದೀರೆಂದು ಯಾರಿಗೆ ಗೊತ್ತಿತ್ತು? ಶಿವರತ್ನಮ್ಮನವರ ಮಾತನ್ನು ಹಾಗೆಯೇ ಬರೆಯುತ್ತೇನೆ: "ಮನಗ ಅಗ್ಗ ಯಾವ್ದು ಅಂತ ಗೊತ್ತಾಯ್ತಾ ಇಲ್ಲ ಕಣವ್ವ ಅವ್ರ್ಗ. ಮೊದ್ಲು ಬೀಗ ತಕಂಡ್ ಬಂದ್ರು, ಅದು ಅಂಗ್ಡೀಲಿ ಸಿಕ್ತದ, ಅಗ್ಗ ಅಲ್ಲ ಅಂದ್ರು. ಅಗ್ಗ ಸಿಕ್ಕಗಂಟ ರುಜು ಆಕಲ್ಲ ಅಂತ ಕುಂತವ್ರ."

ಹಗ್ಗವೂ ಅಂಗಡಿಯಲ್ಲೇ ಸಿಗುತ್ತದೆ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ತಮ್ಮ ಕಷ್ಟ ಅರ್ಥವಾಯಿತು. ಕೊನೇ ಕಂತು ತಮಗೆ ಬಿಸಿತುಪ್ಪವಾಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಈ ಮನೆಯಲ್ಲಿ ತಮಗಿಂತ ಹೆಚ್ಚು ಕಾಲ ಬಾಳಿದವಳು ನಾನಾದ್ದರಿಂದ, ಹಗ್ಗ ಹುಡುಕುವ ಕೆಲಸದಲ್ಲಿ ನೆರವಾಗುವುದು ನನ್ನ ಧರ್ಮ. ಅಡುಗೆಮನೆಯ ಈಶಾನ್ಯದಲ್ಲಿ ಈಗಲೂ ಸೋರುತ್ತದೆ. ಆ ಸೋರಿಕೆಯನ್ನು ಹಗ್ಗವೆಂದು ತಾವೇ ಉಳಿಸಿಕೊಳ್ಳಬಹುದು, ಮಳೆ ಬಂದಾಗಲೆಲ್ಲ ಕೊಡದಲ್ಲಿ ತುಂಬಿ ಹನೂರಿನ ಬಸ್ಸಿಗೆ ಹಾಕಿ ಕಳಿಸುತ್ತೇವೆ. ನುಗ್ಗೆಮರದ ಕಂಬಳಿಹುಳುಗಳನ್ನು ಬೇಕಾದರೂ ಇಟ್ಟುಕೊಳ್ಳಿ, ವಂಶಪಾರಂಪರ್ಯವಾಗಿ ಅನುಭವಿಸಲು ನಮ್ಮ ತಕರಾರಿಲ್ಲ. ಅದೂ ಬೇಡವೆಂದರೆ ಪಕ್ಕದ ಮನೆಯ ರಾಣಿಯವರೊಂದಿಗೆ ಚರಂಡಿ ನೀರಿನ ಜಗಳವೊಂದಿದೆ. ಅದು ತಮ್ಮ ತಂದೆಯವರ ಕಾಲದಲ್ಲಿ ಆರಂಭವಾದ ಅಪ್ಪಟ ಪಿತ್ರಾರ್ಜಿತ, ನಾವು ಇಷ್ಟು ವರ್ಷ ಒಂದು ದಿನವೂ ಬಿಡದೆ ನಡೆಸಿಕೊಂಡು ಬಂದಿದ್ದೇವೆ. ಈಗ ತಾವೇ ಬಂದು ಬೆಳಗ್ಗೆ ನಲ್ಲಿ ಬಿಡುವ ಹೊತ್ತಿಗೆ ಸೊಂಟಕ್ಕೆ ಟವೆಲು ಕಟ್ಟಿ ನಿಂತರೆ ರಾಣಿಯವರಿಗೂ ಸಂತೋಷವಾದೀತು.

ತಮಾಷೆ ಸಾಕು. ಹಗ್ಗ ಯಾವುದೆಂದು ನನಗೆ ಗೊತ್ತು, ತಮಗೂ ಗೊತ್ತು, ಬಾಯಿಬಿಟ್ಟು ಕೇಳಲು ದೊಡ್ಡಸ್ತಿಕೆ ಅಡ್ಡ ಬಂದಿದೆ. ಒಂದು ಸಲ ಕಾಫಿ ಕುಡಿಯುತ್ತಾ ತಾವೇ ಹೇಳಿದ್ದಿರಿ, ಚಿಕ್ಕವರಿದ್ದಾಗ ತಂದೆಯವರ ಜೊತೆ ಗೂಡು ತಂದ ರಾತ್ರಿ ಇದೇ ಜಗಲಿಯ ಪೂರ್ವದ ಮೂಲೆಯಲ್ಲಿ ಮಲಗುತ್ತಿದ್ದಿರಂತೆ, ಇಲಿ ಬಾರದಂತೆ ತಂದೆಯವರು ಗೂಡಿನ ಮೂಟೆಯ ಮೇಲೊಂದು ಕೈ, ತಮ್ಮ ಮೇಲೊಂದು ಕೈ ಇಟ್ಟು ಎಚ್ಚರವಾಗಿರುತ್ತಿದ್ದರಂತೆ. ಹೇಳಿ ಮುಗಿಸಿ ಆ ಕಲ್ಲನ್ನು ಅಂಗೈಯಿಂದ ಸವರಿದಿರಿ. ಲೋಟ ತೆಗೆದುಕೊಳ್ಳಲು ಬಂದ ನಾನು ನೋಡಿದೆ, ನೋಡದವಳಂತೆ ಒಳಗೆ ಹೋದೆ. ಆ ಮೂಲೆಯೇ ತಮ್ಮ ಹಗ್ಗ. ಅದನ್ನು ನಾವು ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ಕ್ರಯಪತ್ರದಲ್ಲಿ ಇದನ್ನು ಬರೆಸುವುದು ಬೇಡ, ಬರೆಸಿದರೆ ನಾಳೆ ತಮ್ಮ ಮಗ ಗುರುಪ್ರಕಾಶ್ ಆ ಮೂಲೆಗೂ ಬಾಡಿಗೆ ಕೇಳಿಯಾರು. ಬಾಯಿಮಾತೇ ಸಾಕು, ತಾವು ನಮಗೆ ಮನೆ ಕೊಟ್ಟದ್ದೂ ಬಾಯಿಮಾತಿನಿಂದಲೇ ಅಲ್ಲವೇ. ಕಂತು ಮುಗಿದ ಮೇಲೂ ತಿಂಗಳಿಗೊಮ್ಮೆ ಬಂದು ಅಲ್ಲಿ ಕೂರಬೇಕು. ಬರದಿದ್ದರೆ ನಾನು ಮತ್ತೊಂದು ಬಹಿರಂಗ ಪತ್ರ ಬರೆಯಬೇಕಾಗುತ್ತದೆ.

ಬರುವ ಸೋಮವಾರ ಬೆಳಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ನಾವು ಮೂವರೂ ಕಾದಿರುತ್ತೇವೆ. ಕೊನೇ ಕಂತನ್ನೂ, ತಮ್ಮ ಶುಭದ ರೂಪಾಯಿಯನ್ನೂ ವೀಳ್ಯದೆಲೆಯ ಮೇಲಿಟ್ಟು ಕೊಡುತ್ತೇವೆ, ದಯವಿಟ್ಟು ಎಮ್ಮೆಯನ್ನು ಕರೆತರಬೇಡಿ. ರುಜುವಾದ ಮೇಲೆ ನೇರವಾಗಿ ಮನೆಗೆ ಬಂದು ಒಂದು ಕೆಲಸ ಮಾಡಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ರಮ್ಯಶ್ರೀಯ ಮಗ್ಗಕ್ಕೆ ನಡುಮನೆಯಲ್ಲಿ ಜಾಗ ಗುರುತು ಮಾಡಿದ್ದೇವೆ, ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿಟ್ಟಿದ್ದೇವೆ. ಈ ಮನೆಯ ಹೊಟ್ಟೆಯ ಮೇಲೆ ನಮಗಿಂತ ತಮಗೆ ಕನಿಕರ ಹೆಚ್ಚು, ಆದ್ದರಿಂದ ಮೊದಲ ಏಟನ್ನು ತಾವೇ ಹಾಕಬೇಕು. ಅದು ಯಾರೂ ಮುಚ್ಚದ ಗುಂಡಿಯಾಗಲಿ ಎಂದು ತಮ್ಮ ಬಾಯಿಂದಲೇ ನನ್ನ ಮಗಳಿಗೆ ಹರಸಬೇಕು.

ರುಜುವಿಗೆ ಮುಂಚೆ ಅರ್ಧ, ರುಜುವಾದ ಮೇಲೆ ಪೂರ್ತಿ
ತಮ್ಮ ವಿಶ್ವಾಸಿ,
ಚೌಡೇಶ್ವರಿ ಸಿದ್ದಯ್ಯ

ವಿ.ಸೂ.: ಶಿವರತ್ನಮ್ಮನವರು ನಮ್ಮ ಬೀದಿಗೆ ಬರುವುದಿಲ್ಲವಾದ್ದರಿಂದ ಈ ಬಾಗಿಲಿಗೆ ಅಂಟಿಸಿದ ಪತ್ರ ಅವರ ಕಣ್ಣಿಗೆ ಬೀಳುವ ಭಯವಿಲ್ಲ. ಆದರೆ ಇದರದೇ ಇನ್ನೊಂದು ಪ್ರತಿ ಬರೆದಿಟ್ಟಿದ್ದೇನೆ. ಸೋಮವಾರ ಮಧ್ಯಾಹ್ನದವರೆಗೆ ತಾವು ಬರದಿದ್ದಲ್ಲಿ, ಒಂದು ಲೋಟ ಗಂಜಿಯೊಂದಿಗೆ ಅದು ನಮ್ಮ ಪರಿಚಯದ ಕೆಂಚಯ್ಯನವರ ಕೈಯಲ್ಲಿ ಮೂರು ಗಂಟೆಯ ಬಸ್ಸಿಗೆ ಹೊರಟು ತಮ್ಮ ಮನೆಯ ಬಾಗಿಲಿಗೇ ಅಂಟುತ್ತದೆ. ಆ ಪ್ರತಿಯಲ್ಲಿ ಬೆಲ್ಲದ ಕಾಫಿ ಮತ್ತು ಕೊಬ್ಬರಿಮಿಠಾಯಿ ಇರುವ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ತಾವು ಬಂದರೆ ಆ ಶಾಯಿ ವ್ಯರ್ಥವಾಗುತ್ತದೆ, ಕಾಫಿ ಮಾತ್ರ ಎಂದಿನಂತೆ ಎರಡು ಲೋಟ.